ಅತ್ತಿಮಬ್ಬೆ: ಹೆಸರಿನ ಹಿಂದಿನ ಕಥೆ

ಮಗು ಹುಟ್ಟುವ ಮೊದಲೇ ಇಂಟರ್‌ನೆಟ್‌ನಲ್ಲಿ ಹೆಸರು ಹುಡುಕಲು ಕೂರುವವರು ನಾವು. ಹೆಸರು ಚಿಕ್ಕದಾಗಿರಬೇಕು, ಇಲ್ಲಿನ ಟೀಚರ್ ನಾಲಿಗೆಗೂ ಹೊರಳಬೇಕು. ಅತ್ತಿಮಬ್ಬೆ ಎಂಬ ಹೆಸರನ್ನು ಯಾರೂ ಇಡಲಿಕ್ಕಿಲ್ಲ. ಆದರೆ ಅದರ ಹಿಂದಿನ ಕಥೆ ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಹೆಸರಿನ ಕೊನೆಯ ಅಬ್ಬೆ ಎಂದರೆ ಹಳಗನ್ನಡದಲ್ಲಿ ತಾಯಿ. ಹವ್ಯಕರ ಮನೆಗಳಲ್ಲಿ ಇಂದಿಗೂ ಅಮ್ಮನನ್ನು ಅಬ್ಬೆ ಎನ್ನುವುದುಂಟು. ನಮ್ಮ ಅಜ್ಜಿಯರ ಹೆಸರಿಗೆ ಅಮ್ಮ, ಅವ್ವ ಸೇರಿದ ಹಾಗೆ ಆಗ ಅಬ್ಬೆ ಸೇರುತ್ತಿತ್ತು. ಕವಿ ರನ್ನನ ತಾಯಿ ಅಬ್ಬಲಬ್ಬೆ. ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ.

ಅತ್ತಿಮಬ್ಬೆ ಹತ್ತನೆಯ ಶತಮಾನದವಳು. ತಂದೆ ಮಲ್ಲಪಯ್ಯ. ಅಕ್ಕ ತಂಗಿಯರಿಬ್ಬರನ್ನೂ ಚಾಲುಕ್ಯರ ದಂಡನಾಯಕ ನಾಗದೇವನಿಗೆ ಕೊಟ್ಟು ಮದುವೆ ಮಾಡಿದರು. ನಾಗದೇವ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಒಂದೇ ಏಟಿಗೆ ಗಂಡನೂ ಇಲ್ಲ, ತಂಗಿಯೂ ಇಲ್ಲ. ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಬದುಕಿ ಉಳಿದಳು. ಉಳಿದವಳು ಅಳುತ್ತಾ ಮೂಲೆ ಸೇರಲಿಲ್ಲ.

ಅವಳ ತಂದೆ, ಚಿಕ್ಕಪ್ಪ ಸೇರಿ ಪೊನ್ನ ಕವಿಯಿಂದ ಶಾಂತಿಪುರಾಣ ಬರೆಸಿದ್ದರು. ಅದು ಕಾಲಗರ್ಭದಲ್ಲಿ ಕಳೆದುಹೋಗಬಾರದೆಂದು ಅತ್ತಿಮಬ್ಬೆ ಅದರ 1,000 ಪ್ರತಿಗಳನ್ನು ಮಾಡಿಸಿ ಹಂಚಿದಳು. ನಮ್ಮಂತೆ ಒಂದು ಗುಂಡಿ ಒತ್ತಿದರೆ ಕಾಪಿ ಆಗುವ ಕಾಲವಲ್ಲ. ಒಂದೊಂದು ಓಲೆಗರಿಯ ಮೇಲೂ ಒಂದೊಂದಕ್ಷರವನ್ನು ಕೈಯಲ್ಲೇ ಕೊರೆಯಬೇಕು! ಡೇಟಾ ಬ್ಯಾಕಪ್ ಎಂದು ದಿನವೂ ಗೊಣಗುವ ನನಗೆ ಇದನ್ನು ಓದಿ ನಾಚಿಕೆಯಾಯಿತು.

ರನ್ನನಿಗೆ ಆಶ್ರಯ ಕೊಟ್ಟು 993ರಲ್ಲಿ ಅಜಿತಪುರಾಣ ಬರೆಸಿದವಳೂ ಅವಳೇ. ಈಗಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬ್ರಹ್ಮಜಿನಾಲಯ ಇಂದಿಗೂ ನಿಂತಿದೆ. ಅಲ್ಲಿನ 1007ರ ಶಾಸನ ಅವಳ ಕೀರ್ತಿಯನ್ನು ಹೇಳುತ್ತದೆ. ಜನ ಅವಳನ್ನು ದಾನಚಿಂತಾಮಣಿ ಎಂದು ಕರೆದರು. ಆ ಬಿರುದಿನೊಂದಿಗೆ ಅವಳ ಹೆಸರಿನಲ್ಲೇ ಕರ್ನಾಟಕ ಸರ್ಕಾರ ಲೇಖಕಿಯರಿಗಾಗಿ ಒಂದು ಪ್ರಶಸ್ತಿಯನ್ನು ಸ್ಥಾಪಿಸಿದೆ.

ನನಗೆ ಮಾತ್ರ ಇವೆಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು ಗೌರವ. ರನ್ನ ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯಾದವನು. ತನ್ನ ಮಗಳಿಗೆ ಅವನು ಅತ್ತಿಮಬ್ಬೆ ಎಂದೇ ಹೆಸರಿಟ್ಟ. ಕೇಳಲು ಚೆನ್ನಾಗಿದೆಯೆಂದು ಇಟ್ಟ ಹೆಸರಲ್ಲ ಅದು. ಮಗಳನ್ನು ಕರೆದಾಗಲೆಲ್ಲ ಪೊರೆದ ತಾಯಿಯೊಬ್ಬಳ ನೆನಪಾಗಲೆಂದು ಇಟ್ಟದ್ದು.

ಮುಂದಿನ ಸಲ ಊರಿಗೆ ಹೋದಾಗ ಮಕ್ಕಳನ್ನು ಲಕ್ಕುಂಡಿಗೆ ಕರೆದುಕೊಂಡು ಹೋಗಿ. ಆ ಕಲ್ಲಿನ ಗುಡಿಯ ಮುಂದೆ ನಿಂತು ಒಮ್ಮೆ ಬಾಯಿತುಂಬ ಅವಳ ಹೆಸರು ಹೇಳಿಸಿ.