ಯಂತ್ರದ ನಾದವನ್ನು ಸ್ತುತಿಯಾಗಿಸಿದ ಒಲಿವಿಯೇ ಮೆಸಿಯಾನ್

ದಿವ್ಯಬಲಿಪೂಜೆಯ ಗಾಯನದಲ್ಲಿ ಹಾರ್ಮೋನಿಯಂ, ತಬಲಾಗಳ ಪಕ್ಕದಲ್ಲಿ ಈಗ ಕೀಬೋರ್ಡೂ ಸ್ಥಾನ ಪಡೆದಿದೆ. ಗುಂಡಿಯೊಂದನ್ನು ಒತ್ತಿದರೆ ತಾಳವು ತಾನಾಗಿ ಸಾಗುತ್ತದೆ. ವಿದ್ಯುತ್ತಿನಿಂದ ಹುಟ್ಟಿದ ಸ್ವರವು ದೇವಸ್ತುತಿಗೆ ಸಲ್ಲುವುದೇ ಎಂಬ ಸಂದೇಹ ಭಕ್ತಾದಿಗಳಲ್ಲಿ ಮೂಡುವುದು ಸಹಜ. ಈ ಸಂದೇಹಕ್ಕೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಕಥೋಲಿಕ ಸಂಗೀತಗಾರರು ಫ್ರಾನ್ಸಿನ ಒಲಿವಿಯೇ ಮೆಸಿಯಾನ್.

1908ರ ಡಿಸೆಂಬರ್ 10ರಂದು ಅವಿನ್ಯೋನ್ ನಗರದಲ್ಲಿ ಜನಿಸಿದ ಅವರು ಹನ್ನೊಂದರ ಎಳೆವಯಸ್ಸಿನಲ್ಲಿಯೇ ಪ್ಯಾರಿಸ್ ಸಂಗೀತ ಶಾಲೆಯನ್ನು ಸೇರಿದರು. 1931ರಲ್ಲಿ ಅಲ್ಲಿನ ಪವಿತ್ರ ತ್ರಿತ್ವ ದೇವಾಲಯದ ಆರ್ಗನ್ ವಾದಕರಾಗಿ ನೇಮಕಗೊಂಡು, ಸುಮಾರು ಅರವತ್ತು ವರ್ಷ ಆ ಸೇವೆಯನ್ನು ಸಲ್ಲಿಸಿದರು.

ಮಾರಿಸ್ ಮಾರ್ತನೋ ಎಂಬವರು 1928ರಲ್ಲಿ ಪ್ಯಾರಿಸಿನ ರಸಿಕರ ಮುಂದಿಟ್ಟ ವಿದ್ಯುತ್ ವಾದ್ಯ ಓಂದ್ ಮಾರ್ತನೋ. ಇಂದಿನ ಸಿಂಥಸೈಸರಿನ ಪೂರ್ವಜರಲ್ಲಿ ಅದೂ ಒಂದು. ವಾದಕರು ಬಲಗೈ ಬೆರಳಿಗೆ ಉಂಗುರ ತೊಟ್ಟು ತಂತಿಯುದ್ದಕ್ಕೂ ಸರಿಸಿದರೆ, ಸ್ವರವು ಮನುಷ್ಯಕಂಠದಂತೆ ಜಾರಿ ಏರುತ್ತದೆ. ನಾದದ ಹೆಚ್ಚುಕಡಿಮೆ ಎಡಗೈ ಬೆರಳಿನ ಒತ್ತಡಕ್ಕೆ ಅಧೀನ. ಬೆರಳನ್ನು ತೆಗೆದೊಡನೆ ವಾದ್ಯ ಮೌನ ತಾಳುತ್ತದೆ. ಮೆಸಿಯಾನರು 1937ರಲ್ಲಿಯೇ ಇಂತಹ ಆರು ವಾದ್ಯಗಳಿಗಾಗಿ ಕೃತಿ ರಚಿಸಿದರು.

ಮಹಾಯುದ್ಧದಲ್ಲಿ ಸೆರೆಸಿಕ್ಕಿ ಜರ್ಮನರ ಗೊರ್ಲಿಟ್ಸ್ ಶಿಬಿರದಲ್ಲಿದ್ದಾಗ ಅವರಿಗೆ ದೊರೆತದ್ದು ಪಿಯಾನೊ, ವಯಲಿನ್, ಚೆಲ್ಲೊ, ಕ್ಲಾರಿನೆಟ್ ಮಾತ್ರ. ಅವುಗಳಿಗಾಗಿಯೇ ಪ್ರಕಟನಾ ಗ್ರಂಥದ ದೇವದೂತನನ್ನು ಧ್ಯಾನಿಸಿ ರಚಿಸಿದ ಕೃತಿಯನ್ನು 1941ರ ಜನವರಿ 15ರಂದು ಸಹಬಂದಿಗಳ ಮುಂದೆ ನುಡಿಸಿದರು. ಬಿಡುಗಡೆಯ ಬಳಿಕ, ದೇವರ ಸಾನ್ನಿಧ್ಯವನ್ನು ಹಾಡುವ ಮೂರು ಪುಟ್ಟ ಸ್ತುತಿಗಳಲ್ಲಿ ಸ್ತ್ರೀಕಂಠಗಳ ಜೊತೆಗೆ ಓಂದ್ ಮಾರ್ತನೋವನ್ನು ಬೆರೆಸಿದರು. 1945ರಲ್ಲಿ ಅದು ಕಚೇರಿಯಲ್ಲಿ ಕೇಳಿಬಂದಾಗ ಪತ್ರಿಕೆಗಳಲ್ಲಿ ಕಟುಟೀಕೆ ಹರಿಯಿತು. ಆದರೂ ಅವರು ಧೃತಿಗೆಡಲಿಲ್ಲ.

ಅವರ ಲಯಕ್ಕೂ ನಮ್ಮ ನೆಲಕ್ಕೂ ಒಂದು ನಂಟಿದೆ. 13ನೆಯ ಶತಮಾನದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆ ದೇವಗಿರಿಯ ಯಾದವರ ಆಳ್ವಿಕೆಗೆ ಒಳಪಟ್ಟಿತ್ತು. ಅದೇ ದೊರೆಗಳ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತ ರತ್ನಾಕರದಲ್ಲಿ 120 ದೇಶೀ ತಾಳಗಳನ್ನು ವಿವರಿಸಿದನು. ವಿಶ್ವಕೋಶವೊಂದರಲ್ಲಿ ಈ ತಾಳಗಳ ಪಟ್ಟಿಯನ್ನು ಕಂಡ ಮೆಸಿಯಾನರು ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ತಾಳಗಳನ್ನು ಶಿಬಿರದ ಕೃತಿಯಲ್ಲಿಯೇ ಬಳಸಿದ್ದರು. 1949ರಲ್ಲಿ ಬೋಸ್ಟನ್ ನಗರದಲ್ಲಿ ಮೊದಲಿಗೆ ನುಡಿಸಲಾದ ಅವರ ಮಹಾಕೃತಿಯ ಹೆಸರು ತುರಂಗಲೀಲಾ. ಅದೂ ಆ ಪಟ್ಟಿಯದೇ. ಹತ್ತು ಭಾಗಗಳ ಆ ಕೃತಿಯಲ್ಲಿಯೂ ವಿದ್ಯುತ್ ವಾದ್ಯಕ್ಕೆ ಗೌರವದ ಸ್ಥಾನವಿದೆ. ಕವಾಯತಿನಂತೆ ಸಮಸಮನಾಗಿ ಬೀಳುವ ಹೆಜ್ಜೆಯನ್ನು ಅವರು ನಿಜವಾದ ಲಯವೆಂದು ಒಪ್ಪಲಿಲ್ಲ.

1952ರಲ್ಲಿ ಶಬ್ದಗಳನ್ನು ಟೇಪಿಗಿಳಿಸಿ ಒಂದು ಕೃತಿ ರಚಿಸಿದರಾದರೂ ಅದು ಅವರಿಗೆ ತೃಪ್ತಿ ತರಲಿಲ್ಲ. ಓಂದ್ ಮಾರ್ತನೋವನ್ನು ಮಾತ್ರ ಅವರು ಕೈಬಿಡಲಿಲ್ಲ. 1983ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶನಗೊಂಡ, ಅಸ್ಸಿಸಿಯ ಸಂತ ಫ್ರಾನ್ಸಿಸರ ಗೀತನಾಟಕದಲ್ಲಿ ಅಂತಹ ಮೂರು ವಾದ್ಯಗಳಿವೆ. ಸಂತರ ಮುಂದೆ ದೇವದೂತನು ನುಡಿಸುವ ಸ್ವರ್ಗೀಯ ನಾದಕ್ಕೆ ಅವರು ಆರಿಸಿಕೊಂಡದ್ದು ಇದನ್ನೇ. 1992ರ ಏಪ್ರಿಲ್ 27ರಂದು ಅವರು ಪ್ರಭುವಿನ ಸನ್ನಿಧಿಗೆ ಸೇರಿದರು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪೈಪ್ ಆರ್ಗನ್ನಿಗೆ ಹಿರಿಮೆಯಿತ್ತು, ಪವಿತ್ರ ಬಳಕೆಗೆ ತಕ್ಕುದಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಆದುದರಿಂದ ಕೀಬೋರ್ಡನ್ನು ದೂರುವುದು ಸಲ್ಲದು. ಆದರೆ ಯಂತ್ರದ ತಾಳವು ಹಾಡುವವರಿಗಾಗಿ ಕಾಯುವುದಿಲ್ಲ. ಪಶ್ಚಾತ್ತಾಪದ ಗೀತೆಗೂ ಪುನರುತ್ಥಾನದ ಗೀತೆಗೂ ಒಂದೇ ಬಡಿತವನ್ನು ಒದಗಿಸಬಲ್ಲದು. ಎಲ್ಲಿ ನುಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ವಿವೇಕ ಬೆರಳಿನದು, ಬೆರಳಿನ ಹಿಂದಿರುವ ಹೃದಯದ್ದು. ನಮ್ಮ ಗಾನವೃಂದಗಳ ಯುವಜನರು ಈ ವಿವೇಕವನ್ನು ಪಡೆಯುವಂತಾಗಲಿ.