ಕೆನೆತ್ ಆಂಡರ್ಸನ್ನರ ತೋಟಾ

ಪ್ರಸಿದ್ಧ ಬೇಟೆಗಾರ ಕೆನೆತ್ ಆಂಡರ್ಸನ್ನರು 1910ರಲ್ಲಿ ಬೊಲಾರಮ್‌ನಲ್ಲಿ ಜನಿಸಿದರು. ಅದೂ ನಮ್ಮ ಮಹಾಗಾಂವವೂ ಆಗ ಒಂದೇ ನಿಜಾಮ ಸಂಸ್ಥಾನದಲ್ಲಿದ್ದವು. ಓದಿದ್ದು ಬೆಂಗಳೂರಿನಲ್ಲಿ; ದುಡಿದದ್ದು ಅಲ್ಲಿಯ ವಿಮಾನ ಕಾರ್ಖಾನೆಯಲ್ಲಿ; ಬಿಡುವು ಸಿಕ್ಕಿದರೆ ಕಾಡು.

ಅವರ ಸಂಗಾತಿ 405 ವಿಂಚೆಸ್ಟರ್ ರೈಫಲು. ಅದರ ತೋಟಾದ ಗುಂಡು 300 ಗ್ರೇನು, ಎಂದರೆ ಸುಮಾರು 19 ಗ್ರಾಂ ತೂಗುತ್ತದೆ. ದೂರ ಹೋದಂತೆ ಅದು ಬೇಗ ಕೆಳಗಿಳಿಯುವುದರಿಂದ, ಬಯಲಿನ ಜಿಂಕೆಗೆ ಹಗುರವಾದ ವೇಗದ ಗುಂಡೇ ಲೇಸು. ದಟ್ಟ ಕಾಡಿನಲ್ಲಾದರೋ ಗುರಿ ಹತ್ತಿರವಿರುತ್ತದೆ. ಕಡವೆಯಂಥ ದೊಡ್ಡ ಮೃಗವನ್ನೂ ಮೈಮೇಲೆರಗುವ ಹುಲಿಯನ್ನೂ ಒಂದೇ ಪೆಟ್ಟಿಗೆ ಕೆಡಹಲು ಭಾರದ ಗುಂಡೇ ಬೇಕು.

ಈ ಆಯ್ಕೆಯಲ್ಲಿ ಕರುಣೆಯೂ ಉಂಟು. ಚರೆಯ ಏಟು ತಿಂದ ಜಿಂಕೆ ಪೊದೆಯಲ್ಲಿ ನರಳಿ ಸಾಯುತ್ತದೆ. ಗಾಯಗೊಂಡ ಹುಲಿ ಬೇಟೆಯಾಡಲಾರದೆ ಮನುಷ್ಯರನ್ನು ಹಿಡಿಯತೊಡಗುವುದುಂಟು. ನರಭಕ್ಷಕಗಳ ಜಾಡು ಹಿಡಿದು ಅಲೆದ ಆಂಡರ್ಸನ್ನರಿಗೆ ಇದು ಚೆನ್ನಾಗಿ ತಿಳಿದಿತ್ತು.

ಅವರ ಮೊದಲ ಪುಸ್ತಕ 1954ರಲ್ಲಿ ಪ್ರಕಟವಾಯಿತು. ಪೂರ್ಣಚಂದ್ರ ತೇಜಸ್ವಿಯವರು ಅವರ ಕಥೆಗಳನ್ನು ಕನ್ನಡಕ್ಕೆ ತಂದರು. ಬರಬರುತ್ತಾ ಆಂಡರ್ಸನ್ನರು ಕಾಡನ್ನು ಉಳಿಸುವ ಮಾತನ್ನೇ ಹೆಚ್ಚಾಗಿ ಆಡಿದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಅವರು ತೀರಿಕೊಂಡರು.

ಇಂದು ಕಡವೆ, ಜಿಂಕೆಗಳ ಬೇಟೆ ಅಪರಾಧ. ಹೊಡೆದ ಮೃಗ ನರಳಬಾರದೆಂಬ ಅವರ ಹೊಣೆಯರಿವು ಮಾತ್ರ ನಾವು ಕಲಿಯಬೇಕಾದುದು.