ಕಾಲ್ಮಾನ್ ಕಾಂಡೊ

ಕಾಲ್ಮಾನ್ ಕಾಂಡೊ (10 ಜುಲೈ 1869 – 13 ಜನವರಿ 1931) ಹಂಗೇರಿಯ ವಿದ್ಯುತ್ ಇಂಜಿನಿಯರ್. ಅಧಿಕ ವೋಲ್ಟೇಜಿನ ಪರ್ಯಾಯ ವಿದ್ಯುತ್ತಿನಿಂದ ರೈಲು ಓಡಿಸುವ ಪದ್ಧತಿಯ ಪ್ರವರ್ತಕರಲ್ಲಿ ಪ್ರಮುಖರು.

ಪೆಸ್ಟ್ ನಗರದಲ್ಲಿ ಜನಿಸಿದ ಇವರು ಫ್ರಾನ್ಸಿನಲ್ಲಿ ಕೆಲಕಾಲ ದುಡಿದು, 1894ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯನ್ನು ಸೇರಿದರು. ಇವರು ರೂಪಿಸಿದ 3,000 ವೋಲ್ಟಿನ ಮೂರು ಫೇಸ್ ಪದ್ಧತಿಯಲ್ಲಿ ಇಟಲಿಯ ವಾಲ್ತೆಲ್ಲೀನಾ ಮಾರ್ಗದ ರೈಲುಗಳು 1902ರಲ್ಲಿ ಓಡತೊಡಗಿದವು. ಆದರೆ ಅದಕ್ಕೆ ಹಳಿಯ ಮೇಲೆ ಎರಡು ತಂತಿಗಳೂ ಪ್ರತ್ಯೇಕ ವಿದ್ಯುದಾಗಾರವೂ ಬೇಕಾಗಿದ್ದವು.

ಸಾರ್ವಜನಿಕ ಜಾಲದ 50 ಹರ್ಟ್ಸ್ ವಿದ್ಯುತ್ತನ್ನೇ ಒಂದು ತಂತಿಯಿಂದ ಪಡೆಯಲೆಂದು ಕಾಂಡೊ ರೈಲು ಎಂಜಿನ್ನಿನೊಳಗೇ ಫೇಸ್ ಪರಿವರ್ತಕವನ್ನು ಅಳವಡಿಸಿದರು. ವೋಲ್ಟೇಜ್ ಹೆಚ್ಚಿದಷ್ಟೂ ಅದೇ ಶಕ್ತಿಗೆ ಕಡಿಮೆ ಪ್ರವಾಹ ಸಾಕು. ಆದುದರಿಂದ ತೆಳುವಾದ ತಂತಿ ಮತ್ತು ಕೆಲವೇ ಉಪಕೇಂದ್ರಗಳು ಸಾಲುತ್ತವೆ. ಬುಡಾಪೆಸ್ಟಿನಿಂದ ಹೆಗ್ಯೆಶ್‌ಹಾಲೊಮ್ ಕಡೆಗಿನ ಮಾರ್ಗದಲ್ಲಿ ಈ 16,000 ವೋಲ್ಟಿನ ಪದ್ಧತಿಯ ಸೇವೆ 1932ರಲ್ಲಿ ಆರಂಭವಾಯಿತು. ಹಿಂದಿನ ವರ್ಷವೇ ನಿಧನರಾದ ಕಾಂಡೊ ಅದನ್ನು ಕಾಣಲಿಲ್ಲ.

ಮುಂದೆ ಫ್ರಾನ್ಸ್ 50 ಹರ್ಟ್ಸ್ ಪದ್ಧತಿಯನ್ನು 25,000 ವೋಲ್ಟಿಗೆ ಬೆಳೆಸಿತು. ಭಾರತೀಯ ರೈಲ್ವೆ 1957ರಲ್ಲಿ ಅದನ್ನು ಅಂಗೀಕರಿಸಿತು. ಕಲಬುರಗಿ ಜಿಲ್ಲೆಯ ಭಂಕೂರಕ್ಕೆ ಸಮೀಪದ ಶಹಾಬಾದ್ ಮತ್ತು ವಾಡಿ ನಿಲ್ದಾಣಗಳ ಮೂಲಕ ಸಾಗುವ ರೈಲುಗಳಿಗೂ ಇಂದು ಇದೇ ವಿದ್ಯುತ್ ಪೂರೈಕೆಯಾಗುತ್ತಿದೆ.